ಚಕಮಕಿಯ ಕೋವಿಯೂ ಅದನ್ನು ಮಾಡಿಸಿದವರೂ

ಪದಾರ್ಥವನ್ನು ಕೊಳ್ಳುವುದು ಬೇರೆ, ಮಾಡಿಸುವುದು ಬೇರೆ. ಅಂಗಡಿಯಲ್ಲಿ ಸಿದ್ಧವಾಗಿರುವುದನ್ನು ಹಣ ತೆತ್ತು ತರುವವನಿಗೆ ಆ ಪದಾರ್ಥದ ಹುಟ್ಟಿನೊಡನೆ ಯಾವ ಸಂಬಂಧವೂ ಇಲ್ಲ. ಮಗಳ ಮದುವೆಗಾಗಿ ಅಕ್ಕಸಾಲಿಯ ಮುಂದೆ ಕುಳಿತು ಒಡವೆ ಮಾಡಿಸುವ ಗೃಹಸ್ಥನಾದರೋ ಆ ಒಡವೆಯ ಉತ್ಪತ್ತಿಗೆ ತಾನೂ ಒಂದು ಕಾರಣನಾಗುತ್ತಾನೆ. ಈ ಭೇದವನ್ನು ಪಾಣಿನಿಯು ಚೆನ್ನಾಗಿ ಬಲ್ಲನು. ಮಾಡುವವನನ್ನು ಪ್ರೇರಿಸುವವನಿಗೆ ಅವನ ಶಾಸ್ತ್ರದಲ್ಲಿ ಹೇತುವೆಂಬ ಸಂಜ್ಞೆಯುಂಟು; ಅದರೊಡನೆ ಕರ್ತೃವೆಂಬ ಸಂಜ್ಞೆಯೂ ಉಂಟು. ಮಾಡಿಸುವವನೂ ಕರ್ತೃವೇ ಎಂಬ ಈ ಮಾತು ವ್ಯಾಕರಣಕ್ಕೆ ಹೇಗೋ ಕುಶಲಕಲೆಗಳ ಚರಿತ್ರೆಗೂ ಹಾಗೆಯೇ ಸಲ್ಲತಕ್ಕುದು. ಅಮೆರಿಕಾದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಹುಟ್ಟಿದ ಚಕಮಕಿಯ ರೈಫಲಿನ ವೃತ್ತಾಂತವು ಇದಕ್ಕೊಂದು ನಿದರ್ಶನ.

ಮೊದಲು ಆ ಆಯುಧದ ಸ್ವರೂಪವನ್ನು ತಿಳಿಯಬೇಕು. ಹಳೆಯ ಬಂದೂಕುಗಳಲ್ಲಿ ಹೊತ್ತಿಸಿದ ಬತ್ತಿಯನ್ನು ಮದ್ದಿಗೆ ತಾಗಿಸುತ್ತಿದ್ದರು. ಮಳೆಯಲ್ಲಿ ಬತ್ತಿ ನಂದುವುದು. ಇರುಳಿನಲ್ಲಿ ಅದರ ಕೆಂಡವೇ ಶತ್ರುವಿಗೆ ಗುರುತಾಗುವುದು. ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಫ್ರಾನ್ಸಿನ ಲಿಸಿಯೂ ಪಟ್ಟಣದ ಮರೇನ್ ಲ ಬೂರ್ಜ್ವಾ ಎಂಬ ಕುಶಲಿಯು ಚಕಮಕಿಯ ಯಂತ್ರಕ್ಕೆ ಸಮರ್ಪಕವಾದ ರೂಪವನ್ನು ಕೊಟ್ಟನೆಂಬುದು ವಿದ್ವಾಂಸರ ಮತ. ಇದರಲ್ಲಿ ಕುದುರೆಯ ಬಾಯಿಗೆ ಚಕಮಕಿ ಕಲ್ಲನ್ನು ಸಿಕ್ಕಿಸಿರುತ್ತಾರೆ. ಬೆರಳಿನಿಂದ ಎಳೆದೊಡನೆ ಕುದುರೆಯು ಮುಂದಕ್ಕೆ ಬಿದ್ದು ಕಲ್ಲು ಉಕ್ಕಿನ ಫಲಕವನ್ನು ಉಜ್ಜುತ್ತದೆ; ಫಲಕವು ಹಿಮ್ಮೆಟ್ಟಿ ಕೆಳಗಿನ ಬಟ್ಟಲು ತೆರೆಯುತ್ತದೆ; ಕಿಡಿಗಳು ಬಟ್ಟಲಿನ ರಂಜಕಕ್ಕೆ ಬೀಳುತ್ತವೆ; ರಂಜಕದ ಉರಿಯು ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟುತ್ತದೆ. ಹೇಳುವುದಕ್ಕೆ ಇಷ್ಟು ಹೊತ್ತು ಹಿಡಿಯುವ ಕಾರ್ಯವೆಲ್ಲವೂ ನಿಮಿಷಾರ್ಧಕ್ಕೆ ಮೊದಲೇ ಮುಗಿದಿರುತ್ತದೆ.

ಸೈನಿಕರ ಕೋವಿಯ ನಳಿಗೆಯು ಒಳಗೆ ನುಣುಪಾಗಿರುತ್ತಿತ್ತು. ರೈಫಲಿನ ನಳಿಗೆಯೊಳಗಾದರೋ ಸುರುಳಿಯಾದ ಗೀರುಗಳಿರುತ್ತವೆ. ಎಣ್ಣೆ ಅಥವಾ ಕೊಬ್ಬು ಸವರಿದ ಬಟ್ಟೆಯ ತುಣುಕಿನಲ್ಲಿ ಗುಂಡನ್ನಿಟ್ಟು ಗಜದಿಂದ ಜಡಿದರೆ ಆ ಬಟ್ಟೆಯು ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಹಾರುವಾಗ ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಹೋಗುತ್ತದೆ. ನುಣುಪು ನಳಿಗೆಯ ಗುಂಡು ೧೦೦ ಗಜದಾಚೆ ಎಲ್ಲಿ ಬಿದ್ದೀತೆಂಬ ಭರವಸೆಯಿಲ್ಲ. ನುರಿತ ಕೈಯ ರೈಫಲಿಗೆ ೨೦೦ ಗಜದ ಗುರಿಯೂ ದೂರವಲ್ಲ.

ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ದೇಶದಿಂದ ಬಂದು ಲ್ಯಾಂಕಾಸ್ಟರ್ ಮೊದಲಾದ ಪೆನ್ಸಿಲ್ವೇನಿಯಾದ ಸೀಮೆಗಳಲ್ಲಿ ನೆಲೆಸಿದ ಕಮ್ಮಾರರು ತಮ್ಮ ನಾಡಿನ ಬೇಟೆಯ ರೈಫಲಿನ ವಿದ್ಯೆಯನ್ನು ಜೊತೆಯಲ್ಲಿ ತಂದರು. ಆ ರೈಫಲು ಗಿಡ್ಡದು, ಅದರ ಬಾಯಿ ದೊಡ್ಡದು. ಹೊಸ ನಾಡಿನಲ್ಲಿ ಕೊಳ್ಳುವವರ ಅವಶ್ಯಕತೆ ಬೇರೆಯಾಗಿತ್ತು. ಮದ್ದೂ ಸೀಸವೂ ದುರ್ಲಭವಾಗಿದ್ದ ಕಾಡಿನಂಚಿನ ಬೇಟೆಗಾರನು ಅವೆರಡನ್ನೂ ಬೆನ್ನಮೇಲೆ ಹೊತ್ತು ವಾರಗಟ್ಟಲೆ ತಿರುಗಬೇಕಾಗಿತ್ತು. ಒಂದು ಪೌಂಡು ಸೀಸದಿಂದ ಇಂಗ್ಲಿಷ್ ಸೈನ್ಯದ ಕೋವಿಗೆ ಸುಮಾರು ೧೪ ಗುಂಡುಗಳಾದರೆ, ಅರ್ಧ ಅಂಗುಲಕ್ಕಿಂತ ಸ್ವಲ್ಪ ಕಿರಿದಾದ ರೈಫಲಿನ ಬಾಯಿಗೆ ಸುಮಾರು ೫೦ ಆಗುವುವು. ಆದುದರಿಂದ ನಳಿಗೆಯ ಬಾಯಿ ಕಿರಿದಾಯಿತು; ಉದ್ದವು ೪೦ ಅಂಗುಲವನ್ನು ಮೀರಿತು; ವಾಲ್ನಟ್ ಮರದ ಹಿಡಿಗೆ ಬದಲಾಗಿ ಅಲೆಯಲೆಯಾದ ನಾರಿನ ಮೇಪಲ್ ಮರ ಬಂದಿತು. ಒಬ್ಬ ಶಿಲ್ಪಿಯು ಒಂದು ದಿನ ಕುಳಿತು ಕಲ್ಪಿಸಿದ ರೂಪವಲ್ಲ ಇದು. ಮಾಡಿಸುವವರು ಕೇಳುತ್ತ ಹೋದರು, ಮಾಡುವವರು ತಿದ್ದುತ್ತ ಹೋದರು. ಎರಡು ಮೂರು ತಲೆಮಾರುಗಳಲ್ಲಿ ಹೊಸದೊಂದು ಆಯುಧವೇ ಹುಟ್ಟಿತು.

ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಸಲಾಕೆಯ ಸುತ್ತ ಸುತ್ತಿ, ಅಂಗುಲ ಅಂಗುಲವಾಗಿ ಬೆಸೆದು ನಳಿಗೆಯನ್ನು ಮಾಡುತ್ತಿದ್ದರು. ಬಳಿಕ ಅದನ್ನು ಕೊರೆದು, ಮರದ ಸುರುಳಿಯಂತ್ರಕ್ಕೆ ಕಟ್ಟಿದ ಸಣ್ಣ ಗರಗಸದಿಂದ ಒಂದೊಂದು ಗೀರನ್ನೂ ಹಲವು ಹತ್ತು ಸಲ ಎಳೆದು ತೆಗೆಯಬೇಕು. ಈ ರೀತಿ ಆದ ಎರಡು ನಳಿಗೆಗಳ ಬಾಯಿ ಒಂದೇ ಅಳತೆಯದಾಗಿರುವುದು ಅಪೂರ್ವ. ಅದಕ್ಕಾಗಿ ಪ್ರತಿಯೊಂದು ರೈಫಲಿನೊಡನೆಯೂ ಅದಕ್ಕೆ ಮಾತ್ರ ಹೊಂದುವ ಗುಂಡಿನ ಅಚ್ಚೊಂದನ್ನು ಕಮ್ಮಾರನು ಮಾಡಿಕೊಡುತ್ತಿದ್ದನು. ನೆರೆಯವನ ಅಚ್ಚಿನ ಗುಂಡು ತನ್ನ ಕೋವಿಗೆ ಹೊಂದುವುದೆಂಬ ನಂಬಿಕೆಯಿಲ್ಲ. ಜರ್ಮನಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಈ ನಾಡಿಗೆ ಬಂದು, ಲ್ಯಾಂಕಾಸ್ಟರಿನಲ್ಲಿ ಈ ವೃತ್ತಿಯನ್ನು ನಡಸಿ ೧೮೨೨ರಲ್ಲಿ ತೀರಿಕೊಂಡ ಜೇಕಬ್ ಡಿಕರ್ಟನ ಹೆಸರು ಆ ಕಾಲದಲ್ಲಿ ಬಹು ದೂರ ಹರಡಿತ್ತು. ಮೊರೇವಿಯನ್ ಕ್ರೈಸ್ತರ ನೆಲೆಯಾದ ಕ್ರಿಶ್ಚಿಯನ್ಸ್ ಸ್ಪ್ರಿಂಗಿನಲ್ಲಿ ಕ್ರಿಶ್ಚಿಯನ್ ಎರ್ಟರನು ತನ್ನ ಹೆಸರನ್ನೂ ವರ್ಷವನ್ನೂ ಕೆತ್ತಿ ಮಾಡಿದ ೧೭೭೫ರ ರೈಫಲುಗಳು ಇಂದಿಗೂ ಉಳಿದಿವೆ.

೧೭೭೫ರ ಜೂನ್ ೧೪ರಂದು ವಸಾಹತುಗಳ ಮಹಾಸಭೆಯು ರೈಫಲುಗಾರರ ಹತ್ತು ತುಕಡಿಗಳನ್ನು ಕಟ್ಟಲು ಆಜ್ಞಾಪಿಸಿತು. ಅವುಗಳಲ್ಲಿ ಆರು ಪೆನ್ಸಿಲ್ವೇನಿಯಾದವು. ಆದರೂ ಸ್ವಾತಂತ್ರ್ಯಯುದ್ಧವನ್ನು ರೈಫಲೇ ಗೆದ್ದಿತೆಂಬ ಜನಪ್ರಿಯ ಮಾತು ಅತಿಶಯೋಕ್ತಿ. ಸೈನಿಕನ ಕೋವಿಯು ನಿಮಿಷಕ್ಕೆ ಮೂರು ಸಲ ಹಾರುವಾಗ ರೈಫಲು ಒಂದು ಸಲ ಹಾರುತ್ತಿತ್ತು. ಅದಕ್ಕೆ ಸನೀನನ್ನು ಸಿಕ್ಕಿಸುವಂತಿರಲಿಲ್ಲ. ೧೭೮೦ರ ಅಕ್ಟೋಬರ್ ೭ರಂದು ಕೆರೊಲೈನಾಗಳ ಗಡಿಯ ಕಿಂಗ್ಸ್ ಮೌಂಟನ್ನಿನಲ್ಲಿ, ಮರಗಳ ಮರೆಯಿದ್ದ ಗುಡ್ಡದ ಮೇಲೆ, ಸುಮಾರು ಒಂದು ಗಂಟೆಯೊಳಗೆ ಮೇಜರ್ ಫರ್ಗ್ಯುಸನ್ನನ ದಂಡನ್ನು ರೈಫಲುಗಾರರು ಮುರಿದರು. ತಕ್ಕ ಸ್ಥಳದಲ್ಲಿ ತಕ್ಕ ಆಯುಧ. ಇದೇ ಕೋವಿಯನ್ನು ಹಿಡಿದು ಬಿಳಿಯರು ಆ ಖಂಡದ ಮೂಲನಿವಾಸಿಗಳ ನೆಲವನ್ನು ಆಕ್ರಮಿಸುತ್ತ ಪಶ್ಚಿಮಕ್ಕೆ ನಡೆದರು. ಮೂಲನಿವಾಸಿಗಳೂ ಇದೇ ಕೋವಿಯನ್ನು ಹಿಡಿದು ಎದುರಿಸಿದರು. ಕುಶಲತೆಯನ್ನು ಹೊಗಳುವಾಗ ಈ ರಕ್ತದ ಭಾಗವನ್ನು ಮರೆಯುವುದು ಚರಿತ್ರಕಾರನಿಗೆ ಯುಕ್ತವಲ್ಲ.

ಆ ದಶಕಗಳಲ್ಲಿಯೇ ನಮ್ಮ ಶ್ರೀರಂಗಪಟ್ಟಣದಲ್ಲಿಯೂ ಚಕಮಕಿಯ ಬಂದೂಕುಗಳು ತಯಾರಾಗುತ್ತಿದ್ದುವು. ೧೭೮೮ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆಯ ಬಳಿಗೆ ಹೋದ ಟಿಪ್ಪು ಸುಲ್ತಾನನ ರಾಯಭಾರಿಗಳು ಅಲ್ಲಿಂದ ಕುಶಲಿಗಳನ್ನು ಬೇಡಿದರು. ಸುಲ್ತಾನನಿಗಾಗಿ ಮಾಡಿದ ಬಂದೂಕುಗಳ ಮೇಲೆ ಹುಲಿಯ ಮುಖ, ಹುಲಿಯ ಪಟ್ಟೆ, ಅವನೇ ಬಳಕೆಗೆ ತಂದ ಮೌಲೂದಿ ಶಕದ ವರ್ಷ ಇವು ಕಾಣುತ್ತವೆ. ಕೆಲಸದ ನಯದಲ್ಲಿ ಅವು ಯಾವ ದೇಶದ ಆಯುಧಕ್ಕೂ ಕಡಮೆಯಲ್ಲ. ಆದರೆ ಅಲ್ಲಿ ಮಾಡಿಸುವವನು ಒಬ್ಬನೇ. ೧೭೯೯ರ ಮೇ ೪ರಂದು ಕೋಟೆಯು ಬಿದ್ದು ಸುಲ್ತಾನನು ಮಡಿದ ಮೇಲೆ ಆ ಬಂದೂಕುಗಳು ಗೆದ್ದವರ ಪಾಲಾಗಿ ಸಮುದ್ರದಾಚೆಗೆ ಹೋದುವು. ಹುಲಿಯ ಮುಖದ ಬಂದೂಕನ್ನು ಮಾಡಿಸುವ ಹೇತುವೇ ಇಲ್ಲವಾದ ಬಳಿಕ ಕರ್ತೃವಿನ ಕೈಗೆ ಕೆಲಸವೆಲ್ಲಿಯದು? ಲ್ಯಾಂಕಾಸ್ಟರಿನಲ್ಲಿ ಮಾಡಿಸುವವರು ಅನೇಕರಿದ್ದರು; ಅವರು ಒಕ್ಕಲಿಗರು, ಬೇಟೆಗಾರರು. ಒಬ್ಬನು ಸತ್ತರೆ ಇನ್ನೊಬ್ಬನು ಬರುತ್ತಿದ್ದನು.

ಆದರೂ ಆ ವಿದ್ಯೆಗೂ ಕ್ಷಯಕಾಲ ಬಾರದಿರಲಿಲ್ಲ. ೧೮೦೭ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತನು ಪೆಟ್ಟಿನಿಂದಲೇ ಹೊತ್ತುವ ಮದ್ದನ್ನು ಕೋವಿಗೆ ಅಳವಡಿಸಿ ಹಕ್ಕುಪತ್ರವನ್ನು ಪಡೆದನು. ಕೆಲವು ದಶಕಗಳಲ್ಲಿ ಚಕಮಕಿ ಕಲ್ಲು ಹಳತಾಯಿತು. ಹಾರ್ಪರ್ಸ್ ಫೆರಿಯ ಸರಕಾರಿ ಕಾರ್ಖಾನೆಯಲ್ಲಿ ಜಾನ್ ಹಾಲನು ೧೮೨೦ರ ದಶಕದಲ್ಲಿ ಯಂತ್ರಗಳಿಂದ ಒಂದರ ಭಾಗವು ಇನ್ನೊಂದಕ್ಕೆ ಹೊಂದುವಂತೆ ರೈಫಲುಗಳನ್ನು ಮಾಡಿ ತೋರಿಸಿದನು. ಇದು ಲೋಕೋಪಯೋಗಿಯಾದ ಸಾಧನೆಯೇ ಸರಿ. ಆದರೆ ಯಾವ ಭಾಗವಾದರೂ ಯಾವ ಕೋವಿಗಾದರೂ ಹೊಂದುವುದಾದರೆ, ಯಾವ ಕೋವಿಯಾದರೂ ಯಾವ ಮನುಷ್ಯನಿಗಾದರೂ ಹೊಂದಲೇಬೇಕಾಯಿತು. ಮಾಡಿಸುವವನು ಗಿರಾಕಿಯಾದನು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾರ್ಖಾನೆಯ ಅಗ್ಗದ ಬಂದೂಕು ಅಂಗಡಿ ಅಂಗಡಿಗೂ ಬಂದಿತು. ಹಳೆಯ ರೈಫಲು ಅಟ್ಟವನ್ನು ಸೇರಿತು.

ವಿದ್ಯೆಯ ಎಳೆ ಪೂರ್ತಿಯಾಗಿ ಹರಿಯಲಿಲ್ಲ. ಟೆನೆಸಿಯ ಹ್ಯಾಕರ್ ಮಾರ್ಟಿನ್ನನಂಥ ಕೆಲವರು ಇಪ್ಪತ್ತನೆಯ ಶತಮಾನದಲ್ಲಿಯೂ ಹಳೆಯ ರೀತಿಯ ರೈಫಲುಗಳನ್ನು ಮಾಡುತ್ತಿದ್ದರು. ೧೯೨೪ರಲ್ಲಿ ಜಾನ್ ಡಿಲಿನ್ನನ ಕೆಂಟಕಿ ರೈಫಲೆಂಬ ಗ್ರಂಥವು ಪ್ರಕಟವಾಗಿ ಜನರ ಕುತೂಹಲವನ್ನು ಎಬ್ಬಿಸಿತು. ೧೯೩೩ರಲ್ಲಿ ಬಾಯಿಯಿಂದ ಮದ್ದು ತುಂಬುವ ರೈಫಲಿನ ಅಭಿಮಾನಿಗಳು ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ವರ್ಜೀನಿಯಾದ ವಿಲಿಯಮ್ಸ್‌ಬರ್ಗಿನಲ್ಲಿ ಹದಿನೆಂಟನೆಯ ಶತಮಾನದ ಪಟ್ಟಣವನ್ನು ಪುನರುದ್ಧಾರ ಮಾಡಿದವರು ಬಂದೂಕಿನ ಕಮ್ಮಾರಶಾಲೆಯನ್ನೂ ತೆರೆದರು. ಅಲ್ಲಿಯ ವಾಲೆಸ್ ಗಸ್ಲರನು ಕಬ್ಬಿಣದ ಪಟ್ಟಿಯಿಂದ ಮೊದಲುಗೊಂಡು ನಳಿಗೆ, ಯಂತ್ರ, ಹಿಡಿ ಎಲ್ಲವನ್ನೂ ಹಳೆಯ ಉಪಕರಣಗಳಿಂದಲೇ ಮಾಡುವುದನ್ನು ೧೯೬೯ರ ಚಲನಚಿತ್ರವೊಂದು ಆದ್ಯಂತವಾಗಿ ತೋರಿಸಿತು. ಗ್ರಂಥದಲ್ಲಿ ಹೇಳಲಾಗದಿದ್ದುದನ್ನು ಜನರು ಕಣ್ಣಾರೆ ಕಂಡರು. ಕಂಡವರಲ್ಲಿ ಕೆಲವರು ಸುತ್ತಿಗೆಯನ್ನು ಹಿಡಿದರು, ಹಲವರು ಮಾಡಿಸಲು ಮುಂದೆ ಬಂದರು. ೧೯೬೮ರ ಅಮೆರಿಕಾದ ಆಯುಧಶಾಸನವು ಚಕಮಕಿಯ ಕೋವಿಯನ್ನೂ ಅದರ ಪ್ರತಿರೂಪವನ್ನೂ ಪ್ರಾಚೀನ ವಸ್ತುಗಳ ವರ್ಗಕ್ಕೆ ಸೇರಿಸಿದುದು ಅವರಿಗೆ ಅನುಕೂಲವಾಯಿತು. ೧೯೯೬ರಲ್ಲಿ ಈ ಕಾಲದ ಶಿಲ್ಪಿಗಳಿಗೂ ಅವರ ಪೋಷಕರಿಗೂ ಬೇರೊಂದು ಸಂಘವೇ ಏರ್ಪಟ್ಟಿತು.

ಇಂದು ಇಂಥ ರೈಫಲನ್ನು ಮಾಡಿಸುವವನು ಮೊದಲು ಸಂಪ್ರದಾಯವನ್ನು ಆರಿಸಬೇಕು. ಸಂಗೀತದಲ್ಲಿ ಬಾನಿಗಳಿರುವಂತೆ ಲ್ಯಾಂಕಾಸ್ಟರ್, ಲೀಹೈ, ಬೆಡ್‌ಫರ್ಡ್ ಎಂದು ಸೀಮೆ ಸೀಮೆಗೂ ಬೇರೆ ಬೇರೆ ಶೈಲಿಯುಂಟು. ಹಿಡಿಯ ಬಾಗನ್ನು ನೋಡಿಯೇ ಬಲ್ಲವರು ಊರನ್ನು ಹೇಳುತ್ತಾರೆ. ಬಳಿಕ ನಳಿಗೆಯ ಉದ್ದ, ಬಾಯಿಯ ಅಳತೆ, ಮೇಪಲ್ ಹಲಗೆಯ ನಾರು, ಹಿತ್ತಾಳೆಯ ಮುಚ್ಚಳದ ಕೆತ್ತನೆ ಇವು ನಿಶ್ಚಯವಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಶಿಲ್ಪಿಯು ಅವನ ತೋಳಿನ ಉದ್ದವನ್ನೂ, ಭುಜಕ್ಕೂ ಕಣ್ಣಿಗೂ ಇರುವ ಅಂತರವನ್ನೂ ಅಳೆದುಕೊಳ್ಳುತ್ತಾನೆ. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ ಕಣ್ಣು ತೆರೆದರೆ ದೃಷ್ಟಿಯು ನಳಿಗೆಯ ನೇರಕ್ಕೆ ಬಂದಿರಬೇಕು. ನಳಿಗೆಯನ್ನೂ ಯಂತ್ರವನ್ನೂ ಬೇರೆ ತಯಾರಕರಿಂದ ತರಿಸಿದರೂ ಜೋಡಿಸಿ, ಕೆತ್ತಿ, ಬಣ್ಣವೇರಿಸಿ ಮುಗಿಸಲು ನೂರಾರು ಗಂಟೆಗಳ ಕೈಗೆಲಸ ಬೇಕು. ಹೆಸರಾದ ಶಿಲ್ಪಿಯ ರೈಫಲಿಗೆ ಹಲವು ಸಾವಿರ ಡಾಲರುಗಳ ಬೆಲೆ; ಮುಂಗಡ ಕೊಟ್ಟು ವರ್ಷಗಟ್ಟಲೆ ಕಾಯಬೇಕಾದುದೂ ಉಂಟು.

ಅಂಗಡಿಯಲ್ಲಿ ಇದಕ್ಕಿಂತ ಅಗ್ಗವಾಗಿಯೂ ವೇಗವಾಗಿಯೂ ಹಾರುವ ಬಂದೂಕು ದೊರೆಯುವಾಗ ಈ ಕಾಯುವಿಕೆ ಏಕೆಂದು ಕೇಳಬಹುದು. ಕೈಯಲ್ಲಿರುವ ವಿದ್ಯೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಲಾಗದು. ಒಂದು ತಲೆಮಾರು ಯಾರೂ ಮಾಡಿಸದಿದ್ದರೆ ಮಾಡುವ ಕೈಯೂ ಆ ಕೈಯೊಡನೆಯೇ ಹೋಗುತ್ತದೆ. ಶ್ರೀರಂಗಪಟ್ಟಣದ ಬಂದೂಕುಗಳು ಇಂದಿಗೂ ಪರದೇಶದ ಸಂಗ್ರಹಗಳಲ್ಲಿ ಹೊಳೆಯುತ್ತಿವೆ. ಅವನ್ನು ಮಾಡಿದ ಕಮ್ಮಟದಲ್ಲಿ ಮಾತ್ರ ಮತ್ತೆ ಬೆಂಕಿ ಹೊತ್ತಲಿಲ್ಲ. ಪೆನ್ಸಿಲ್ವೇನಿಯಾದ ವಿದ್ಯೆಯು ಬೂದಿಯೊಳಗಿನ ಕೆಂಡವಾಗಿದ್ದು, ಮಾಡಿಸುವವರ ಉಸಿರು ತಾಗಿ ಮತ್ತೆ ಉರಿಯಿತು.

ಹೊಸ ರೈಫಲಿನ ನಳಿಗೆಯ ಮೇಲೆ ಹಳೆಯ ಪದ್ಧತಿಯಂತೆ ಮಾಡಿದವನ ಹೆಸರನ್ನು ಕೆತ್ತುವುದುಂಟು. ಮಾಡಿಸಿದವನ ಹೆಸರು ಅಲ್ಲಿ ಇರಬೇಕಾದುದಿಲ್ಲ. ಅವನ ತೋಳಿನ ಅಳತೆಯು ಹಿಡಿಯ ಮರದಲ್ಲಿಯೇ ನಿಂತಿರುತ್ತದೆ.