ಕಲಿತು ಕಲಿಸಿದ ತಾಯಿ

ಊರೂರಿಗೆ ಶಾಲೆಗಳು ಬರುವುದಕ್ಕೆ ಮೊದಲು ನಮ್ಮ ನಾಡಿನಲ್ಲಿ ಮನೆಯೇ ಪಾಠಶಾಲೆಯಾಗಿತ್ತು. ತಂದೆಯು ಮಗನಿಗೆ ಕಲಿಸುವುದು ರೂಢಿಯ ಮಾತು. ಆದರೆ ತಾಯಿಯು ಮೊದಲು ತಾನೇ ಶಿಷ್ಯೆಯಾಗಿ ಕುಳಿತು, ಅನಂತರ ಮಕ್ಕಳಿಗೆ ಗುರುವಾದ ನಿದರ್ಶನಗಳು ವಿರಳ. ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳಿದವರು ಬಹಳ ಮಂದಿ. ಅವರಿಗೆ ವಿದ್ಯೆಯನ್ನಿತ್ತ ತಾಯಿ ಲಕ್ಷ್ಮೀಬಾಯಿಯ ಹೆಸರನ್ನು ಬಲ್ಲವರು ಕಡಮೆ.

ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದ ಕಡೆಯವರು. ವಿದ್ಯಾರ್ಜನೆಗಾಗಿ ಪುಣೆಗೆ ಹೋಗಿದ್ದಾಗ, ಅವರ ಗುರುಗಳು ಪೇಶ್ವೆಯ ಅಂತಃಪುರದ ಸ್ತ್ರೀಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಣ್ಣಿನ ಬಾಯಿಂದ ಶುದ್ಧವಾದ ಶ್ಲೋಕಪಠನವನ್ನು ಕೇಳಿ ತರುಣ ಶಿಷ್ಯನು ಬೆರಗಾದನು. ತನ್ನ ಮನೆಯ ಹೆಂಗಸಿಗೂ ಈ ವಿದ್ಯೆ ಏಕೆ ಸಲ್ಲಬಾರದೆಂಬ ಪ್ರಶ್ನೆ ಆತನಲ್ಲಿ ಮೊಳೆಯಿತು. ಮೊದಲನೆಯ ಹೆಂಡತಿಗೆ ಕಲಿಸುವ ಯತ್ನವು ಮನೆಯವರ ವಿರೋಧದಿಂದ ಫಲಿಸಲಿಲ್ಲ. ಆಕೆಯ ಮರಣಾನಂತರ, ನಡುವಯಸ್ಸಿನಲ್ಲಿ, ಆ ಕಾಲದ ಪದ್ಧತಿಯಂತೆ ಒಂಬತ್ತು ವರ್ಷದ ಬಾಲಿಕೆ ಲಕ್ಷ್ಮೀಬಾಯಿಯೊಡನೆ ಅವರ ವಿವಾಹವಾಯಿತು. ಬಾಲ್ಯವಿವಾಹದ ಕಾಲದ ಈ ಸಂಸಾರದಲ್ಲಿ ಹೊಸತೆಂದರೆ, ವಧುವಿನ ಕೈಗೆ ಸೌಟಿನೊಡನೆ ಪುಸ್ತಕವೂ ಬಂದುದು.

ಸುದ್ದಿ ಹರಡಿತು. ದೇವಭಾಷೆಯನ್ನು ಹೆಂಗಸಿಗೆ ಕಲಿಸುವುದು ಅಧರ್ಮವೆಂದು ಮಂಗಳೂರು ಪ್ರಾಂತದ ಪಂಡಿತರು ಮಠಕ್ಕೆ ದೂರಿತ್ತರು. ಉಡುಪಿಯಲ್ಲಿ ಗುರುಗಳ ಮುಂದೆಯೂ ವಿದ್ವತ್ಸಭೆಯ ಮುಂದೆಯೂ ನಿಂತು ಶಾಸ್ತ್ರಿಗಳು ಉತ್ತರ ಹೇಳಬೇಕಾಯಿತು. ಸೋತರೆ ಬಹಿಷ್ಕಾರ ಕಾದಿತ್ತು. ಅವರು ಶಾಸ್ತ್ರಗ್ರಂಥಗಳಿಂದಲೇ ಪ್ರಮಾಣಗಳನ್ನು ಎತ್ತಿ ತೋರಿಸಿ, ವೇದವೊಂದನ್ನುಳಿದು ಮಿಕ್ಕ ವಿದ್ಯೆಯಲ್ಲಿ ಸ್ತ್ರೀಯರಿಗೂ ಶೂದ್ರರಿಗೂ ಅಧಿಕಾರವುಂಟೆಂದು ವಾದಿಸಿ ಬಹಿಷ್ಕಾರದಿಂದ ಪಾರಾದರು. ಮನೆಯೊಳಗಣ ಒಂದು ಪಾಠಕ್ಕಾಗಿ ಒಬ್ಬ ಗೃಹಸ್ಥನು ತೆತ್ತ ಶ್ರಮವಿದು!

ಬಳಿಕ ಅವರು ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ಲಕ್ಷ್ಮೀಬಾಯಿ ಹಗಲೆಲ್ಲ ಅಡುಗೆ, ಅತಿಥಿಗಳ ಉಪಚಾರ, ಮಕ್ಕಳ ಪಾಲನೆಗಳಲ್ಲಿ ತೊಡಗಿ, ರಾತ್ರಿಯ ಹೊತ್ತಿನಲ್ಲಿ ಪುರಾಣಗಳನ್ನು ಅಭ್ಯಾಸ ಮಾಡುತ್ತಿದ್ದರು. ಆ ಕಾಡಿನಲ್ಲಿಯೇ 1858ರಲ್ಲಿ ರಮಾಬಾಯಿ ಹುಟ್ಟಿದರು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಸಂಸಾರವು ಆ ಮನೆಯನ್ನು ಬಿಟ್ಟಿತು. ಅಲ್ಲಿಂದ ಮುಂದೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ಸಾಗುವುದೇ ಅವರ ಜೀವನವಾಯಿತು. ತಂದೆಗೆ ಮುಪ್ಪು ಅಡರಿದ್ದುದರಿಂದ ಮಗಳಿಗೆ ಪಾಠ ಹೇಳುವ ಹೊಣೆ ತಾಯಿಯ ಮೇಲೆ ಬಿದ್ದಿತು. ಸುಮಾರು ಎಂಟನೆಯ ವಯಸ್ಸಿನಿಂದ ಹದಿನೈದರವರೆಗೆ ರಮಾಬಾಯಿಗೆ ತಾಯಿಯೇ ಶಾಲೆ. ಇತರರ ನೆರವು ಹೆಚ್ಚಾಗಿ ಬೇಡದೆ ತಾನೇ ಮುಂದೆ ಓದಿಕೊಳ್ಳುವ ಶಕ್ತಿಯನ್ನು ತಾಯಿ ತನಗಿತ್ತಳೆಂದು ಮಗಳು ಮುಂದೆ ಬರೆದಿದ್ದಾರೆ. ತಾನು ಕಷ್ಟಪಟ್ಟು ಕಲಿತವಳಿಗೆ, ಕಲಿಯುವವರ ಕಷ್ಟ ಗೊತ್ತಿರುತ್ತದೆ.

ಈ ಮನೆಪಾಠಕ್ಕೆ ಒಂದು ಕೊರತೆಯೂ ಇದ್ದಿತು. ಶಾಸ್ತ್ರದ ಹೊರತು ಬದುಕಿಗೆ ಬೇಕಾದ ಬೇರಾವ ವಿದ್ಯೆಯೂ ಮಕ್ಕಳಿಗೆ ದೊರೆಯಲಿಲ್ಲ. 1874ರಲ್ಲಿ, ಕ್ಷಾಮದ ದಿನಗಳಲ್ಲಿ, ತಂದೆ, ತಾಯಿ, ಅಕ್ಕ ಮೂವರೂ ಕೆಲವೇ ತಿಂಗಳೊಳಗೆ ತೀರಿಕೊಂಡರು. ಉಳಿದ ಅಣ್ಣತಂಗಿಯರಿಗೆ ದುಡಿದು ಉಣ್ಣುವ ದಾರಿ ತಿಳಿಯದು; ಭಿಕ್ಷೆ ಬೇಡಲು ಮನಸ್ಸೊಪ್ಪದು. ನಡೆದು ನಡೆದು 1878ರಲ್ಲಿ ಅವರು ಕಲಕತ್ತೆಯನ್ನು ಸೇರಿದರು. ತಾಯಿಯ ಪಾಠ ಅಲ್ಲಿ ಬೆಳಕಿಗೆ ಬಂತು. ವಿದ್ವಾಂಸರು ರಮಾಬಾಯಿಯನ್ನು ಪರೀಕ್ಷಿಸಿ ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದಿತ್ತು ಗೌರವಿಸಿದರು.

ತಾಯಿಯಂತೆ ಮಗಳೂ ಕಲಿಯುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತು ದಾಟಿದ ಮೇಲೆ ಇಂಗ್ಲಿಷನ್ನು ಕಲಿತು, 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ತಾವು ಓದುತ್ತಲೇ ಇತರರಿಗೆ ಸಂಸ್ಕೃತವನ್ನು ಬೋಧಿಸಿದರು. ಅಮೆರಿಕದಲ್ಲಿ ಶಿಶುಶಿಕ್ಷಣ ಕ್ರಮವನ್ನು ಅಭ್ಯಸಿಸಿ ಬಂದು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಅಲ್ಲಿ ಪುಸ್ತಕದೊಡನೆ ಜೀವನೋಪಾಯದ ಕಸುಬಿಗೂ ಎಡೆ ದೊರೆಯಿತು. ತಮ್ಮ ಮನೆಪಾಠದ ಕೊರತೆಯನ್ನು ಅವರು ಹೀಗೆ ತುಂಬಿದರು. 1887ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಇಂಗ್ಲಿಷ್ ಗ್ರಂಥವನ್ನು ಅವರು ಅರ್ಪಿಸಿದುದು ತಾಯಿಯ ನೆನಪಿಗೆ. 1912ರಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರ್ಗಿಯಲ್ಲಿ, ತಾಯಿಮಗಳು ಕೂಡಿ ಶಾಲೆಯೊಂದನ್ನು ತೆರೆದರು. ಮಗಳು ಮನೋರಮಾ ಅದರ ಮುಖ್ಯಸ್ಥೆಯಾದರು. ಗಂಗಾಮೂಲದ ದೀಪ ಹೀಗೆ ಮೂರನೆಯ ತಲೆಮಾರಿನಲ್ಲಿ ಕನ್ನಡ ನೆಲಕ್ಕೆ ಮರಳಿತು.

ಗಡಿಯಾಚೆಯ ನಮ್ಮ ಮನೆಗಳಲ್ಲಿ, ಮಗು ಶಾಲೆಯಲ್ಲಿ ಬೇರೊಂದು ನುಡಿಯನ್ನು ಓದಿ ಬರುವಾಗ, ಕನ್ನಡ ಅಕ್ಷರವನ್ನು ತಿದ್ದಿಸುವವರು ಬಹುಮಟ್ಟಿಗೆ ತಾಯಂದಿರೇ. ತಮಗೆ ಪೂರ್ತಿ ಬಾರದೆಂದು ಅವರು ಹಿಂಜರಿಯಬೇಕಾಗಿಲ್ಲ. ಲಕ್ಷ್ಮೀಬಾಯಿಯೂ ಮನೆಗೆಲಸ ಮುಗಿದ ಮೇಲೆ, ರಾತ್ರಿಯಲ್ಲಿ ಕುಳಿತೇ ಕಲಿತವರು.