ರಟ್ಟಿನ ಹಿಂದೆ ಉಳಿದಿದ್ದ ಚಿಮಣಿ

ಮಂಡ್ಯದ ನಮ್ಮ ಮನೆಯ ನಡುಮನೆಯಲ್ಲಿ ಒಂದು ಹಳೆಯ ಫೋಟೊ ಇದೆ. ಪೇಟ, ಮುಚ್ಚುಗುಂಡಿಯ ಕೋಟು, ದಪ್ಪ ಮೀಸೆ. ಮಹಾಲಯ ಅಮಾವಾಸ್ಯೆಯ ದಿನ ಅದಕ್ಕೆ ಚೆಂಡುಹೂವಿನ ಹಾರ ಹಾಕಿ, ಎದುರಿಗೆ ಎಡೆ ಇಡುತ್ತೇವೆ. ಕಣ್ಣಂಬಾಡಿ ಕಟ್ಟೆ ಕಟ್ಟಲು ಸೇಲಂ ಕಡೆಯಿಂದ ಬಂದ ಕಲ್ಲುಕುಟಿಗ, ನನ್ನ ಮುತ್ತಾತ ಅವರೇ ಎಂದು ಕೇಳುತ್ತಲೇ ಬೆಳೆದವನು ನಾನು. ನಮ್ಮದು ಮನೆಯೊಳಗೆ ತಮಿಳು, ಹೊಸಿಲು ದಾಟಿದರೆ ಮಂಡ್ಯದ ಕನ್ನಡ. ನಾವು ಈ ಊರಿನವರಾದದ್ದು ಹೇಗೆ ಎಂಬ ಕತೆಗೆ ಇದ್ದ ಒಂದೇ ಸಾಕ್ಷಿ ಆ ಫೋಟೊ.

ಕಳೆದ ಮಳೆಗಾಲದಲ್ಲಿ ಅದರ ಚೌಕಟ್ಟಿಗೆ ಗೆದ್ದಲು ಹಿಡಿಯಿತು. ಹೊಸ ಕಟ್ಟು ಹಾಕಿಸಲು ಬಿಚ್ಚಿದಾಗ ಗೊತ್ತಾಯಿತು: ನಾವು ನೋಡುತ್ತಿದ್ದುದು ಇಡೀ ಫೋಟೊ ಅಲ್ಲ. ಎದೆಯಿಂದ ಮೇಲಿನ ಭಾಗ ಮಾತ್ರ ಕಾಣುವಂತೆ ಸುತ್ತ ರಟ್ಟು ಕತ್ತರಿಸಿ ಕೂರಿಸಿದ್ದರು. ರಟ್ಟು ತೆಗೆದರೆ, ಆ ಮನುಷ್ಯ ಕಬ್ಬು ತುಂಬಿದ ಎತ್ತಿನಗಾಡಿಯ ಪಕ್ಕ ನಿಂತಿದ್ದ. ಹಿಂದೆ ದೂರದಲ್ಲಿ ಕಾರ್ಖಾನೆಯ ಚಿಮಣಿ. ಫೋಟೊದ ಬೆನ್ನ ಮೇಲೆ ಮಸುಕಾದ ಶಾಯಿಯಲ್ಲಿ ‘ಮಂಡ್ಯ ತಾಲ್ಲೂಕು, ಮೈಸೂರು ಜಿಲ್ಲೆ’ ಎಂಬ ವಿಳಾಸ.

ಹಳೆಯ ಫೋಟೊದ ಕಾಲ ಹುಡುಕುವವರು ಮೊದಲು ಎರಡು ಗೆರೆ ಎಳೆದುಕೊಳ್ಳಬೇಕು. ಯಾವ ವರ್ಷಕ್ಕಿಂತ ಹಿಂದೆ ಇದನ್ನು ತೆಗೆದಿರಲಾರರು? ಯಾವ ವರ್ಷದ ನಂತರ ತೆಗೆದಿರಲಾರರು? ಮೊದಲ ಗೆರೆಯನ್ನು ಚಿಮಣಿಯೇ ಎಳೆಯಿತು. ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಕಬ್ಬು ಅರೆಯಲು ಶುರುವಾದದ್ದು ಮರುವರ್ಷ. ಎರಡನೆಯ ಗೆರೆ ವಿಳಾಸದಲ್ಲಿತ್ತು. 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಹಳೆಯ ವಿಳಾಸ ಬರೆಯುವ ರೂಢಿ ಇನ್ನೊಂದೆರಡು ವರ್ಷ ಉಳಿದಿದ್ದರೂ, ಫೋಟೊ ಹೆಚ್ಚುಕಡಿಮೆ 1933–34 ಮತ್ತು 1939ರ ನಡುವಿನದು.

ತೊಂದರೆ ಶುರುವಾದದ್ದು ಇಲ್ಲಿಂದ. ಮುತ್ತಾತ ಹುಲಿಕೆರೆಯ ಸುರಂಗ ಕೊರೆಯುವ ಕಾಲದಲ್ಲಿ ಜ್ವರ ಬಂದು ತೀರಿಕೊಂಡರು ಎಂಬುದು ಮನೆಮಾತು. “ಕಲ್ಲು ಒಡೆದೋರು ನಾಲೆ ನೀರು ನೋಡ್ಲಿಲ್ಲ” ಎಂದು ಮುತ್ತಜ್ಜಿ ಕೊನೆಯವರೆಗೂ ಹೇಳುತ್ತಿದ್ದರಂತೆ. ಇಂದು ನಾವು ವಿಶ್ವೇಶ್ವರಯ್ಯ ನಾಲೆ ಎನ್ನುವುದು ಆಗ ಇರ್ವಿನ್ ನಾಲೆ. ಕೃಷ್ಣರಾಜಸಾಗರದ ನೀರು ಆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಬಂದದ್ದರಿಂದಲೇ ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. ಕಬ್ಬು ಬಂದದ್ದರಿಂದ ಕಾರ್ಖಾನೆ ಬಂತು. ನಾಲೆಯ ನೀರನ್ನೇ ಕಾಣದವರು ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಯ ಪಕ್ಕ ನಿಂತದ್ದು ಹೇಗೆ?

ಉತ್ತರ ಮದ್ದೂರಿನಲ್ಲಿ ಸಿಕ್ಕಿತು. ಮುತ್ತಾತನ ಮಗಳನ್ನು ಕೊಟ್ಟಿದ್ದ ಮನೆ ಅಲ್ಲಿದೆ. ಅವರ ಟ್ರಂಕಿನಲ್ಲಿ ಅದೇ ಫೋಟೊದ ಇನ್ನೊಂದು ಪ್ರತಿ ಇತ್ತು. ಅದರ ಹಿಂದೆ ತಮಿಳು ಅಕ್ಷರದಲ್ಲಿ ಒಂದೇ ಪದ: ‘ಚಿತ್ತಪ್ಪಾ’. ಅಂದರೆ ಚಿಕ್ಕಪ್ಪ. “ಇದು ನಮ್ಮವ್ವನ ಬರಹವೇ” ಎಂದರು ಆ ಮನೆಯ ಹಿರಿಯರು. ಹೆತ್ತ ತಂದೆಯನ್ನು ಯಾವ ಮಗಳೂ ಚಿಕ್ಕಪ್ಪ ಎಂದು ಬರೆಯುವುದಿಲ್ಲ. ನಾವು ಇಷ್ಟು ವರ್ಷ ಹಾರ ಹಾಕಿದ್ದು ಮುತ್ತಾತನ ತಮ್ಮನಿಗೆ.

ಹಾಗಾದರೆ ಮುತ್ತಾತ ಎಲ್ಲಿ? ನಮ್ಮ ಟ್ರಂಕಿನಲ್ಲಿ ಇನ್ನೊಂದು ಸಣ್ಣ ಫೋಟೊ ಇತ್ತು. ಇಪ್ಪತ್ತು ಮೂವತ್ತು ಕೂಲಿಗಳು, ಗಂಡಸರು ಹೆಂಗಸರು, ಸಾಲಾಗಿ ನಿಂತಿದ್ದಾರೆ. ಅದನ್ನೂ ‘ಕಣ್ಣಂಬಾಡಿ’ ಎಂದೇ ಕರೆಯುತ್ತಿದ್ದೆವು. ಆದರೆ ಭೂತಗನ್ನಡಿ ಹಿಡಿದು ನೋಡಿದರೆ ಹಿಂದೆ ಇದ್ದದ್ದು ಕಟ್ಟೆಯಲ್ಲ, ಬೆಟ್ಟದ ಇಳಿಜಾರಿನಲ್ಲಿ ಇಳಿಯುವ ಭಾರಿ ಕೊಳವೆಗಳು. ಮಳವಳ್ಳಿಗೆ ಹೋಗಿ, ಅಲ್ಲಿಂದ ಶಿವನಸಮುದ್ರದ ಬ್ಲಫ್‌ಗೆ ಹೋಗಿ ನಿಂತು ಹೋಲಿಸಿದೆ. ಇಳಿಜಾರು ಹೋಲುತ್ತದೆ.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ, ವಿದ್ಯುತ್ ಹರಿಯಿತು. ಬೇಸಿಗೆಯಲ್ಲೂ ಆ ಯಂತ್ರಗಳಿಗೆ ನೀರು ಬೇಕು ಎಂಬುದು 1911ರಲ್ಲಿ ಕಣ್ಣಂಬಾಡಿ ಕೆಲಸ ಆರಂಭವಾಗಲು ಇದ್ದ ದೊಡ್ಡ ಕಾರಣಗಳಲ್ಲಿ ಒಂದು. ವಿದ್ಯುತ್ತಿನ ಕೆಲಸದಿಂದ ಕಟ್ಟೆಗೆ, ಕಟ್ಟೆಯಿಂದ ಸುರಂಗಕ್ಕೆ ಕಲ್ಲಿನ ಕೆಲಸ ಬಲ್ಲವರು ನದಿಯ ಜೊತೆಯಲ್ಲೇ ನಡೆದಿರಬೇಕು. ಹೆಸರಾದದ್ದು ಕಣ್ಣಂಬಾಡಿ, ಆದ್ದರಿಂದ ನೆನಪಿನಲ್ಲಿ ಎಲ್ಲ ಕೆಲಸವೂ ಕಣ್ಣಂಬಾಡಿಯೇ ಆಯಿತು.

ಆ ಸಾಲಿನಲ್ಲಿ ಮುತ್ತಾತ ಇರಬಹುದು. ಯಾರೆಂದು ತೋರಿಸಬಲ್ಲವರು ಯಾರೂ ಉಳಿದಿಲ್ಲ. ತಮ್ಮನ ಮುಖವನ್ನು ಪಕ್ಕಕ್ಕಿಟ್ಟು ಹೋಲಿಸಿ ನೋಡಿದೆ. ಮೂವರಲ್ಲಿ ಹೋಲಿಕೆ ಕಂಡಿತು. ಮೂವರಲ್ಲಿ ಕಂಡರೆ ಯಾರಲ್ಲೂ ಕಾಣಲಿಲ್ಲವೆಂದೇ ಅರ್ಥ.

ಈಗ ಉಳಿದದ್ದು ಅಜ್ಜಿಗೆ ಹೇಳುವ ಕೆಲಸ. ನಾವು ‘ಆಯಾ’ ಎಂದು ಕರೆಯುವ ಅವರು ಮುತ್ತಾತನ ಸೊಸೆ. ಮಾವನನ್ನು ಕಂಡವರಲ್ಲ, ಆದರೆ ಮದುವೆಯಾಗಿ ಬಂದ ವರ್ಷದಿಂದ ಆ ಫೋಟೊಗೆ ಹೂವು ಮುಡಿಸಿದವರು. ಎರಡು ವಾರ ಹೇಳದೆ ತಿರುಗಾಡಿದೆ. ಕೊನೆಗೆ ಚಿಮಣಿ, ವಿಳಾಸ, ಮದ್ದೂರಿನ ಪ್ರತಿ ಎಲ್ಲವನ್ನೂ ಅವರ ಮುಂದೆ ಹರಡಿದೆ. ಆಯಾ ಪೂರ್ತಿ ಕೇಳಿಸಿಕೊಂಡು, “ನಮ್ಮತ್ತೆ ಗೊತ್ತಿಲ್ದೆ ಮಾಡಿದ್ರು ಅಂದ್ಕೊಂಡ್ಯಾ?” ಎಂದರು. “ಗಂಡನ ಫೋಟೊನೇ ಇರ್ಲಿಲ್ಲ ಕಣಪ್ಪ. ಮೈದುನನ ಮುಖ ಅಚ್ಚು ಅವರ ಥರಾನೇ ಅಂತಿದ್ರು. ಎಡೆ ಇಡೋಕೆ ಎದುರಿಗೆ ಒಂದು ಮುಖ ಬೇಡ್ವಾ?”

ಹಾಗಾದರೆ ಆ ರಟ್ಟು ಗಾಡಿ, ಚಿಮಣಿಗಳನ್ನು ಮುಚ್ಚಿದ್ದು ಅಂಗಡಿಯವರ ಅನುಕೂಲಕ್ಕೋ, ಮುತ್ತಜ್ಜಿ ಹೇಳಿ ಮಾಡಿಸಿದ್ದೋ? ಆಯಾಗೂ ತಿಳಿಯದು. ಆ ತಮ್ಮನಿಗೆ ಮಕ್ಕಳಿರಲಿಲ್ಲ ಎಂಬುದನ್ನು ಮಾತ್ರ ಹೇಳಿದರು. ಅಣ್ಣನ ಹೆಸರಿನಲ್ಲಾದರೂ ಅವರಿಗೆ ವರ್ಷಕ್ಕೊಮ್ಮೆ ಎಡೆ ಸಂದಿದೆ.

ಹೊಸ ಕಟ್ಟಿಗೆ ರಟ್ಟು ಹಾಕಿಸಲಿಲ್ಲ. ಗಾಡಿ, ಕಬ್ಬು, ಚಿಮಣಿ ಈಗ ಕಾಣುತ್ತವೆ. ಫೋಟೊದ ಹಿಂದೆ, ಶಾಯಿ ಒಳಗಿಳಿದೀತೆಂದು ಮೆತ್ತಗೆ ಪೆನ್ಸಿಲಿನಲ್ಲಿ ಬರೆದೆ: ‘ಮುತ್ತಾತನ ತಮ್ಮ. ಮಂಡ್ಯ, ಸುಮಾರು 1934–39. ಮುತ್ತಜ್ಜಿ ಇವರನ್ನು ಅಣ್ಣನ ಸ್ಥಾನದಲ್ಲಿ ಇಟ್ಟರು.’ ಪಕ್ಕದಲ್ಲಿ ಕೂಲಿಗಳ ಫೋಟೊವನ್ನೂ ತೂಗುಹಾಕಿದ್ದೇವೆ. ಅದರ ಹಿಂದೆ ಬರೆಯಲು ಹೆಸರುಗಳಿಲ್ಲ. ಈ ಸಲದ ಅಮಾವಾಸ್ಯೆಗೆ ಆಯಾ ಎರಡು ಎಡೆ ಇಟ್ಟರು.