ನಿಮ್ಮ ಗಾಡಿಗೆ ರೀಕಾಲ್ ಬಾಕಿ ಇದೆಯೇ? ಚಾಸಿಸ್ ನಂಬರ್ ಹಿಡಿದು ತಿಳಿಯುವುದು ಹೇಗೆ?

2023ರ ಜನವರಿಯಲ್ಲಿ ಮಾರುತಿ ಸುಝುಕಿ ಕಂಪನಿ 17,362 ಕಾರುಗಳನ್ನು ವಾಪಸ್ ಕರೆಸಿಕೊಂಡಿತು. ಆಲ್ಟೊ ಕೆ10, ಎಸ್‌-ಪ್ರೆಸ್ಸೊ, ಈಕೊ, ಬ್ರೆಝಾ, ಬಲೆನೊ ಮತ್ತು ಗ್ರ್ಯಾಂಡ್ ವಿಟಾರಾ ಕಾರುಗಳು ಈ ಪಟ್ಟಿಯಲ್ಲಿದ್ದವು. ಏರ್‌ಬ್ಯಾಗ್ ಕಂಟ್ರೋಲರ್‌ನಲ್ಲಿ ದೋಷವಿರಬಹುದು, ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ತೆರೆಯದೇ ಹೋಗಬಹುದು ಎಂಬುದು ಕಾರಣ. ಆ ಭಾಗ ಬದಲಾಗುವವರೆಗೆ ಕಾರು ಓಡಿಸಬೇಡಿ ಎಂದೂ ಕಂಪನಿ ಸೂಚಿಸಿತ್ತು.

ಇವೆಲ್ಲ 2022ರ ಡಿಸೆಂಬರ್ 8ರಿಂದ 2023ರ ಜನವರಿ 12ರ ನಡುವೆ ತಯಾರಾದ ಹೊಚ್ಚ ಹೊಸ ಕಾರುಗಳು. ಓಡಿಸುವವರಿಗೆ ಶಬ್ದದಲ್ಲಾಗಲಿ, ಮೈಲೇಜ್‌ನಲ್ಲಾಗಲಿ ಏನೂ ವ್ಯತ್ಯಾಸ ಕಾಣುವಂಥ ದೋಷವಲ್ಲ ಇದು. ನಿಮ್ಮ ಗಾಡಿಯಲ್ಲೂ ಇಂಥ ದೋಷ ಇದೆಯೇ ಎಂದು ತಿಳಿಯುವುದು ಹೇಗೆ? ಈ ಲೇಖನದಲ್ಲಿ ಅದನ್ನೇ ನೋಡೋಣ.

ರೀಕಾಲ್ ಎಂದರೇನು?

ಒಂದು ಮಾದರಿಯ ಗಾಡಿಯಲ್ಲಿ ತಯಾರಿಕೆ ಅಥವಾ ವಿನ್ಯಾಸದ ದೋಷವಿದೆ ಎಂದು ಗೊತ್ತಾದಾಗ, ಆ ಗಾಡಿಗಳನ್ನು ಸರ್ವೀಸ್ ಸೆಂಟರ್‌ಗೆ ಕರೆಸಿ ಸರಿಪಡಿಸಿ ಕೊಡುವುದೇ ರೀಕಾಲ್. ಸಾಮಾನ್ಯವಾಗಿ ಒಂದು ಭಾಗವನ್ನು ಪರೀಕ್ಷಿಸಿ, ಬೇಕಿದ್ದರೆ ಬದಲಾಯಿಸುತ್ತಾರೆ. ಕೆಲವೊಮ್ಮೆ ಸಾಫ್ಟ್‌ವೇರ್ ಬದಲಿಸಿದರೆ ಸಾಕಾಗುತ್ತದೆ. ಇದಕ್ಕೆ ಮಾಲೀಕರು ಹಣ ಕೊಡಬೇಕಿಲ್ಲ. ಎಷ್ಟೋ ಕಂಪನಿಗಳು ‘ರೀಕಾಲ್’ ಎಂಬ ಪದವನ್ನು ಬಳಸದೆ ‘ಸರ್ವೀಸ್ ಕ್ಯಾಂಪೇನ್’ ಅಥವಾ ‘ಪಾರ್ಟ್ ರಿಪ್ಲೇಸ್‌ಮೆಂಟ್’ ಎನ್ನುವುದುಂಟು. ಹಾಗಾಗಿ ವಿಚಾರಿಸುವಾಗ ಈ ಪದಗಳೂ ನೆನಪಿನಲ್ಲಿರಲಿ.

ರೀಕಾಲ್ ಕಾರುಗಳಿಗೆ ಮಾತ್ರ ಎಂದುಕೊಳ್ಳಬೇಡಿ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್, ಇಗ್ನಿಷನ್ ಕಾಯಿಲ್ ದೋಷದ ಕಾರಣಕ್ಕೆ ಮೀಟಿಯರ್, ಕ್ಲಾಸಿಕ್ ಮತ್ತು ಬುಲೆಟ್ 350 ಬೈಕ್‌ಗಳಿಗೆ ರೀಕಾಲ್ ಘೋಷಿಸಿತು. ಒಟ್ಟು 2,36,966 ಬೈಕ್‌ಗಳು ಅದರ ವ್ಯಾಪ್ತಿಗೆ ಬಂದಿದ್ದವು. ಬೆಂಗಳೂರಿನ ಓಲಾ ಎಲೆಕ್ಟ್ರಿಕ್, ಪುಣೆಯಲ್ಲಿ ಒಂದು ಸ್ಕೂಟರ್‌ಗೆ ಬೆಂಕಿ ಹತ್ತಿಕೊಂಡ ಬಳಿಕ 2022ರ ಏಪ್ರಿಲ್‌ನಲ್ಲಿ 1,441 ಸ್ಕೂಟರ್‌ಗಳನ್ನು ಪರೀಕ್ಷೆಗೆ ಕರೆಸಿತ್ತು.

ಚೆನ್ನಾಗಿ ಓಡುತ್ತಿರುವ ಗಾಡಿಗೂ ಏಕೆ?

ಇದಕ್ಕೆ ಅತಿ ದೊಡ್ಡ ಉದಾಹರಣೆ ಜಪಾನಿನ ತಕಾತ ಕಂಪನಿಯ ಏರ್‌ಬ್ಯಾಗ್. ಏರ್‌ಬ್ಯಾಗ್ ಕ್ಷಣಾರ್ಧದಲ್ಲಿ ಉಬ್ಬಬೇಕಾದರೆ ಅದರೊಳಗಿನ ಇನ್‌ಫ್ಲೇಟರ್‌ನಲ್ಲಿ ರಾಸಾಯನಿಕ ಉರಿದು ಅನಿಲ ಹೊರಬರಬೇಕು. ತಕಾತ ಇದಕ್ಕೆ ಅಮೋನಿಯಂ ನೈಟ್ರೇಟ್ ಬಳಸಿತ್ತು. ವರ್ಷಗಟ್ಟಲೆ ಸೆಖೆ ಮತ್ತು ತೇವಾಂಶಕ್ಕೆ ಸಿಕ್ಕಿದಾಗ ಈ ರಾಸಾಯನಿಕದ ಬಿಲ್ಲೆಗಳು ಹದಗೆಟ್ಟು, ಬೇಕಾದುದಕ್ಕಿಂತ ವೇಗವಾಗಿ ಉರಿಯುತ್ತವೆ. ಆಗ ಇನ್‌ಫ್ಲೇಟರ್‌ನ ಲೋಹದ ಕವಚವೇ ಒಡೆದು, ಅದರ ಚೂರುಗಳು ಕುಳಿತವರ ಮುಖ ಮತ್ತು ಕುತ್ತಿಗೆಗೆ ಸಿಡಿಯುತ್ತವೆ. ಜೀವ ಉಳಿಸಬೇಕಾದ ಸಾಧನವೇ ಜೀವ ತೆಗೆಯುತ್ತದೆ.

ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳು ರೀಕಾಲ್ ಆದವು. ಅಲ್ಲಿ ಇದರಿಂದ 25ಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ. ಭಾರತದಲ್ಲೂ ಹೋಂಡಾ ಹಲವು ಬಾರಿ ಈ ಏರ್‌ಬ್ಯಾಗ್‌ಗಳನ್ನು ಬದಲಾಯಿಸಲು ಕಾರುಗಳನ್ನು ಕರೆಸಿದೆ. 2017ರ ಜನವರಿಯ ಒಂದೇ ಘೋಷಣೆಯಲ್ಲಿ ಸಿಟಿ, ಜಾಝ್, ಸಿವಿಕ್, ಅಕಾರ್ಡ್ ಮಾದರಿಗಳ 41,580 ಕಾರುಗಳಿದ್ದವು. ಅವು 2012ರಲ್ಲಿ ತಯಾರಾದವು. ಇಂಥ ಹಳೆಯ ಕಾರುಗಳು ಈಗ ಎರಡನೆಯ ಅಥವಾ ಮೂರನೆಯ ಮಾಲೀಕರ ಕೈಯಲ್ಲಿರುವ ಸಾಧ್ಯತೆಯೇ ಹೆಚ್ಚು. ಸೆಖೆ, ತೇವ ಎರಡೂ ಹೆಚ್ಚಿರುವ ನಮ್ಮ ಕರಾವಳಿಯಲ್ಲಿ ಓಡುವ ಕಾರುಗಳ ಮಾಲೀಕರು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಪರಿಶೀಲಿಸುವುದು ಹೇಗೆ?

1. ಚಾಸಿಸ್ ನಂಬರ್ ಬರೆದುಕೊಳ್ಳಿ. ರೀಕಾಲ್ ಹುಡುಕಲು ಕಂಪನಿಗಳು ಸಾಮಾನ್ಯವಾಗಿ ಕೇಳುವುದು ನಂಬರ್ ಪ್ಲೇಟಿನ ಸಂಖ್ಯೆಯನ್ನಲ್ಲ, ಚಾಸಿಸ್ ನಂಬರನ್ನು. ಇದು ಆರ್‌ಸಿ ಕಾರ್ಡಿನಲ್ಲೂ ಇನ್ಶೂರೆನ್ಸ್ ಪಾಲಿಸಿಯಲ್ಲೂ ಇರುತ್ತದೆ. ಬೈಕ್‌ಗಳಲ್ಲಿ ಸಾಮಾನ್ಯವಾಗಿ ಹ್ಯಾಂಡಲ್‌ನ ಕೆಳಗಿನ ಫ್ರೇಮಿನ ಮೇಲೆ ಕೊರೆದಿರುತ್ತಾರೆ. ಇದರಲ್ಲಿ ಅಕ್ಷರ ಮತ್ತು ಅಂಕಿ ಸೇರಿ ಒಟ್ಟು 17 ಸ್ಥಾನಗಳು. 1 ಮತ್ತು 0 ಜೊತೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಆದ್ದರಿಂದ ಗುಂಡಗೆ ಕಂಡದ್ದು ಸೊನ್ನೆ ಎಂದೇ ತಿಳಿಯಿರಿ. ಮೊದಲ ಮೂರು ಸ್ಥಾನಗಳು ತಯಾರಕರನ್ನು ಸೂಚಿಸುತ್ತವೆ. ಉದಾಹರಣೆಗೆ, ಮಾರುತಿಯ ಹಲವು ಕಾರುಗಳ ಸಂಖ್ಯೆ ‘ಎಂಎ3’ ಎಂದು ಶುರುವಾಗುತ್ತದೆ.

2. ಕಂಪನಿಯ ಅಧಿಕೃತ ಜಾಲತಾಣಕ್ಕೆ ಹೋಗಿ. ಗ್ರಾಹಕರ ಮಾಹಿತಿ, ಸರ್ವೀಸ್ ಅಥವಾ ರೀಕಾಲ್ ಎಂಬ ವಿಭಾಗದಲ್ಲಿ ಹುಡುಕಿ. ಮಾರುತಿ, ಹೋಂಡಾದಂಥ ಕಂಪನಿಗಳು ರೀಕಾಲ್ ಘೋಷಿಸಿದಾಗ ಚಾಸಿಸ್ ನಂಬರ್ ಹಾಕಿ ನೋಡುವ ವ್ಯವಸ್ಥೆ ಮಾಡಿವೆ. ಬೇರೆ ಬೇರೆ ದೋಷಗಳಿಗೆ ಬೇರೆ ಬೇರೆ ಪುಟಗಳಿದ್ದರೆ ಎಲ್ಲದರಲ್ಲೂ ಹಾಕಿ ನೋಡಿ.

3. ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿ. ಜಾಲತಾಣ ತೊಡಕೆನಿಸಿದರೆ ಇದೇ ಸುಲಭದ ದಾರಿ. ಅಧಿಕೃತ ಸರ್ವೀಸ್ ಸೆಂಟರ್‌ಗೆ ಚಾಸಿಸ್ ನಂಬರ್ ಕೊಟ್ಟು, “ಈ ಗಾಡಿಗೆ ರೀಕಾಲ್ ಅಥವಾ ಕ್ಯಾಂಪೇನ್ ಏನಾದರೂ ಬಾಕಿ ಇದೆಯಾ?” ಎಂದು ಕೇಳಿ.

4. ಸಿಯಾಮ್ ಪಟ್ಟಿಯನ್ನೂ ನೋಡಿ. ವಾಹನ ತಯಾರಕರ ಒಕ್ಕೂಟವಾದ ಸಿಯಾಮ್, ಕಂಪನಿಗಳು ತಾವಾಗಿಯೇ ಘೋಷಿಸಿದ ರೀಕಾಲ್‌ಗಳ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಇದರಿಂದ ನಿಮ್ಮ ಮಾದರಿಗೆ ರೀಕಾಲ್ ಆಗಿತ್ತೇ ಎಂಬುದು ತಿಳಿಯುತ್ತದೆ. ನಿಮ್ಮದೇ ಗಾಡಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಕಂಪನಿಯೇ ಹೇಳಬೇಕು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಕೆಲಸ ಇನ್ನೂ ಸುಲಭ. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ಜಾಲತಾಣದಲ್ಲಿ 17 ಸ್ಥಾನಗಳ ಸಂಖ್ಯೆ ಹಾಕಿದರೆ, ಸರಿಪಡಿಸದೆ ಉಳಿದ ರೀಕಾಲ್‌ಗಳು ಕಾಣುತ್ತವೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಗಮನಿಸಿ

ರೀಕಾಲ್ ಆದಾಗ ಕಂಪನಿ ತನ್ನ ಬಳಿ ಇರುವ ಫೋನ್ ನಂಬರಿಗೆ ಸಂದೇಶ ಕಳಿಸುತ್ತದೆ. ಗಾಡಿ ಕೈ ಬದಲಾಗಿದ್ದರೆ ಆ ನಂಬರ್ ಹಳೆಯ ಮಾಲೀಕರದ್ದೇ ಆಗಿರಬಹುದು. ಆರ್‌ಟಿಒದಲ್ಲಿ ಆರ್‌ಸಿ ನಿಮ್ಮ ಹೆಸರಿಗೆ ಬಂದ ಮಾತ್ರಕ್ಕೆ ಕಂಪನಿಯ ದಾಖಲೆಯೂ ಬದಲಾಯಿತು ಎಂದುಕೊಳ್ಳಬೇಡಿ. ಹೊರಗಿನ ಗ್ಯಾರೇಜಿನಲ್ಲೇ ಸರ್ವೀಸ್ ಮಾಡಿಸುವವರಿಗೂ ಸುದ್ದಿ ತಲುಪದೇ ಹೋಗಬಹುದು. ಗಾಡಿ ಕೊಳ್ಳುವ ಮುನ್ನವೇ ಚಾಸಿಸ್ ನಂಬರ್ ಪಡೆದು ವಿಚಾರಿಸಿ. ಕೊಂಡ ಮೇಲೆ ನಿಮ್ಮ ಹೆಸರು, ಫೋನ್ ನಂಬರನ್ನು ಕಂಪನಿಯಲ್ಲಿ ದಾಖಲಿಸಿ.

ಕೇಳಿಬರುವ ಮಾತುಗಳು, ನಿಜಾಂಶಗಳು

“ವಾರಂಟಿ ಮುಗಿದಿದೆ, ಇನ್ನು ದುಡ್ಡು ಕೊಡಬೇಕು.”
ಹಾಗಲ್ಲ. ವಾರಂಟಿಯೇ ಬೇರೆ, ರೀಕಾಲೇ ಬೇರೆ. ತಕಾತ ಏರ್‌ಬ್ಯಾಗ್‌ಗಳನ್ನು ಐದು ವರ್ಷ ಹಳೆಯ ಕಾರುಗಳಲ್ಲೂ ಉಚಿತವಾಗಿಯೇ ಬದಲಾಯಿಸಿದ್ದಾರೆ.

“ಎಫ್‌ಸಿ, ಎಮಿಷನ್ ಟೆಸ್ಟ್ ಪಾಸಾಗಿದೆ, ದೋಷವಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.”
ಎಮಿಷನ್ ಟೆಸ್ಟ್ ಹೊಗೆಯನ್ನಷ್ಟೇ ಅಳೆಯುತ್ತದೆ. ಏರ್‌ಬ್ಯಾಗ್‌ನ ಒಳಗಿನ ರಾಸಾಯನಿಕವನ್ನು ಎಫ್‌ಸಿಯಲ್ಲೂ ಬಿಚ್ಚಿ ನೋಡುವುದಿಲ್ಲ.

“ಪಕ್ಕದ ಮನೆಯವರದ್ದೂ ಇದೇ ಮಾದರಿ, ಅವರಿಗೆ ರೀಕಾಲ್ ಇಲ್ಲವಂತೆ.”
ರೀಕಾಲ್ ಸಾಮಾನ್ಯವಾಗಿ ನಿರ್ದಿಷ್ಟ ಅವಧಿಯಲ್ಲಿ ತಯಾರಾದ ಗಾಡಿಗಳಿಗೆ ಮಾತ್ರ. ಒಂದೇ ಬಣ್ಣ, ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದಕ್ಕೆ ದೋಷವಿದ್ದು ಇನ್ನೊಂದಕ್ಕೆ ಇಲ್ಲದಿರಬಹುದು.

“ರೀಕಾಲ್ ಮಾಡಿದ ಕಂಪನಿಯ ಗಾಡಿಯೇ ಸರಿಯಿಲ್ಲ.”
ದೋಷವನ್ನು ಒಪ್ಪಿಕೊಂಡು ಸರಿಪಡಿಸಿಕೊಡುವುದು ಮುಚ್ಚಿಡುವುದಕ್ಕಿಂತ ಒಳ್ಳೆಯದು. ಅಪಾಯ ಇರುವುದು ಸರಿಪಡಿಸದೆ ಉಳಿದ ಗಾಡಿಯಲ್ಲಿ.

ಕಾನೂನು ಏನು ಹೇಳುತ್ತದೆ?

ಸಿಯಾಮ್ 2012ರಲ್ಲಿ ಸ್ವಯಂಪ್ರೇರಿತ ರೀಕಾಲ್ ಸಂಹಿತೆಯನ್ನು ತಂದಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 110ಎ ಕಲಂ ಸೇರಿತು. ಚಾಲಕರಿಗೆ, ಪ್ರಯಾಣಿಕರಿಗೆ, ರಸ್ತೆಯಲ್ಲಿರುವ ಇತರರಿಗೆ ಅಥವಾ ಪರಿಸರಕ್ಕೆ ಹಾನಿ ಮಾಡಬಲ್ಲ ದೋಷವಿದ್ದರೆ ರೀಕಾಲ್‌ಗೆ ಆದೇಶಿಸುವ ಅಧಿಕಾರ ಇದರಿಂದ ಕೇಂದ್ರ ಸರ್ಕಾರಕ್ಕೆ ಸಿಕ್ಕಿತು. 2021ರ ಏಪ್ರಿಲ್ 1ರಿಂದ ಇದರ ನಿಯಮಗಳು ಜಾರಿಯಲ್ಲಿವೆ. ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುವ ಈ ನಿಯಮಗಳಲ್ಲಿ, ಸರ್ಕಾರವೇ ಆದೇಶಿಸಿ ರೀಕಾಲ್ ಮಾಡಿಸಬೇಕಾಗಿ ಬಂದರೆ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ.

ಎಷ್ಟು ದೂರುಗಳು ಬಂದಿವೆ ಎಂಬುದು ಇಲ್ಲಿ ಮುಖ್ಯ. ವಾಹನದ ಬಗೆ ಮತ್ತು ವಾರ್ಷಿಕ ಮಾರಾಟಕ್ಕೆ ತಕ್ಕಂತೆ ನಿಗದಿಯಾದ ಸಂಖ್ಯೆಯಷ್ಟು ದೂರು ಬಂದರೆ ರೀಕಾಲ್ ಪ್ರಕ್ರಿಯೆ ಶುರುವಾಗಬಹುದು. ನಿಮ್ಮ ಗಾಡಿಯಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷ ಕಂಡರೆ, ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದ ರೀಕಾಲ್ ವಿಭಾಗದಲ್ಲಿ ದೂರು ದಾಖಲಿಸಿ. ಗ್ಯಾರೇಜಿನಲ್ಲಿ ಗೊಣಗಿದ್ದು ಲೆಕ್ಕಕ್ಕೆ ಬರುವುದಿಲ್ಲ, ದಾಖಲಾದ ದೂರು ಬರುತ್ತದೆ.

ರೀಕಾಲ್ ಬಾಕಿ ಇದ್ದರೆ ಏನು ಮಾಡಬೇಕು?

- ಅಧಿಕೃತ ಸರ್ವೀಸ್ ಸೆಂಟರ್‌ನಲ್ಲಿ ಸಮಯ ಗೊತ್ತುಮಾಡಿಕೊಳ್ಳಿ. ಅಲ್ಲಿಯವರೆಗೆ ಗಾಡಿ ಓಡಿಸಬಹುದೇ ಎಂದು ಕೇಳಿ. ಬೇಡ ಎಂದರೆ ಓಡಿಸಬೇಡಿ.
- ಜಾಬ್ ಕಾರ್ಡಿನಲ್ಲಿ ರೀಕಾಲ್ ಕೆಲಸವನ್ನು ಪ್ರತ್ಯೇಕವಾಗಿ ಬರೆಸಿ, ಅದರ ಪ್ರತಿ ಇಟ್ಟುಕೊಳ್ಳಿ. ಮುಂದೆ ಗಾಡಿ ಮಾರುವಾಗಲೂ ಇದು ನೆರವಿಗೆ ಬರುತ್ತದೆ.
- ಬಿಡಿಭಾಗ ಬಂದಿಲ್ಲ ಎಂದರೆ, ಯಾವಾಗ ಬರುತ್ತದೆ ಎಂಬುದನ್ನು ಇಮೇಲ್ ಅಥವಾ ಬರಹದಲ್ಲಿ ಪಡೆಯಿರಿ.
- ಹಣ ಕೇಳಿದರೆ ಅಥವಾ ಸತಾಯಿಸಿದರೆ ಕಂಪನಿಯ ಗ್ರಾಹಕ ಸೇವೆಗೆ ಬರೆಯಿರಿ. ಅಲ್ಲೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.
- ರೀಕಾಲ್ ಹೆಸರಿನಲ್ಲಿ ಬರುವ ಲಿಂಕ್‌ಗಳನ್ನು ಒತ್ತಬೇಡಿ. ರೀಕಾಲ್‌ಗೆ ಯುಪಿಐ ಪಾವತಿಯೂ ಬೇಕಿಲ್ಲ, ಬ್ಯಾಂಕಿನ ಒಟಿಪಿಯೂ ಬೇಕಿಲ್ಲ. ಸಂದೇಶ ನಿಜವೇ ಎಂದು ನೀವೇ ಕಂಪನಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಒಮ್ಮೆ ನೋಡಿದರೆ ಮುಗಿಯಿತು ಎನ್ನುವಂತಿಲ್ಲ, ಏಕೆಂದರೆ ಗಾಡಿ ಕೊಂಡು ವರ್ಷಗಳಾದ ಮೇಲೂ ಹೊಸ ರೀಕಾಲ್ ಬರಬಹುದು. ಪ್ರತಿ ವರ್ಷ ಇನ್ಶೂರೆನ್ಸ್ ನವೀಕರಿಸುವಾಗ ಚಾಸಿಸ್ ನಂಬರ್ ಹೇಗೂ ಕೈಯಲ್ಲಿರುತ್ತದೆ. ಅದೇ ದಿನ ರೀಕಾಲ್ ಕೂಡ ನೋಡಿಬಿಡಿ. ಮನೆಯ ಹಿರಿಯರ ಸ್ಕೂಟರ್, ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನ್, ಊರಲ್ಲಿರುವ ಹಳೆಯ ಕಾರು, ಇವುಗಳ ನಂಬರನ್ನೂ ಜೊತೆಗೇ ಪರಿಶೀಲಿಸುವುದು ಒಳ್ಳೆಯದು.